ಬಾಗಿಲು ಹಾಕಿಕೊಂಡು ಬಿಸಿನೀರಿಗಿಳಿಯುವುದು: ಜಪಾನಿನ ರಿಯೋಕಾನ್ ವಾಸವನ್ನು ತಿಳಿಯೋಣ

ಜಪಾನಿಗೆ ಹೊರಟವರು ಪ್ರವಾಸದ ಪಟ್ಟಿ ಮಾಡುತ್ತ ಕುಳಿತಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: ಅಲ್ಲಿಯ ಬಿಸಿನೀರಿನ ಬುಗ್ಗೆಗಳಲ್ಲಿ ಮೀಯಬೇಕೆಂದರೆ ಅಪರಿಚಿತರ ಎದುರು ಬಟ್ಟೆ ಕಳಚಲೇಬೇಕೆ? ಬೆಂಗಳೂರಿನಿಂದ ಟೋಕಿಯೊ ಬಳಿಯ ನರಿತಾಗೆ ನೇರ ವಿಮಾನವಿದೆ, ಈಚಿನ ವರ್ಷಗಳಲ್ಲಿ ಯೆನ್ ಬೆಲೆಯೂ ಇಳಿದಿದೆ. ಅಪ್ಪ ಅಮ್ಮನನ್ನೂ ಮಕ್ಕಳನ್ನೂ ಜೊತೆಗೆ ಕರೆದೊಯ್ಯುವ ಮನೆಗಳಲ್ಲಿ ಈ ಸಂಕೋಚ ಸಣ್ಣದಲ್ಲ.

ಉತ್ತರ: ಕಳಚಬೇಕಾಗಿಲ್ಲ. ಬಾಗಿಲು ಹಾಕಿಕೊಂಡು ನಮ್ಮವರಷ್ಟೇ ಮೀಯುವ ಏರ್ಪಾಡು ಅಲ್ಲಿಯ ಸಾಂಪ್ರದಾಯಿಕ ತಂಗುಮನೆಗಳಲ್ಲಿ ಬಹಳ ಕಡೆ ಇದೆ. ಆದರೆ ಕಾಯ್ದಿರಿಸುವ ತಾಣಗಳಲ್ಲಿ ‘ಖಾಸಗಿ ಸ್ನಾನ’ ಎಂದು ಬರೆದಿರುವುದರ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿವೆ. ಅವುಗಳ ವ್ಯತ್ಯಾಸ ಗೊತ್ತಿಲ್ಲದೆ ಹಣ ಕಟ್ಟಿದರೆ ಬಯಸಿದ್ದೊಂದು, ಸಿಕ್ಕಿದ್ದೊಂದು ಆಗುತ್ತದೆ. ಅದನ್ನು ಬಿಡಿಸಿ ಹೇಳಲು ಮೊದಲು ಆ ತಂಗುಮನೆ ಎಂಥದ್ದು, ಆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು.

ರಿಯೋಕಾನ್: ಊಟವೂ ಸೇರಿದ ಮನೆ

ಸಾಂಪ್ರದಾಯಿಕ ತಂಗುಮನೆಗೆ ಜಪಾನಿನಲ್ಲಿ ರಿಯೋಕಾನ್ ಎನ್ನುತ್ತಾರೆ. ಇದರ ಬೇರು ಪ್ರಯಾಣಿಕರ ದಾರಿಯಲ್ಲಿದೆ. ಎದೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಇಂದಿನ ಟೋಕಿಯೊದಿಂದ ಕ್ಯೋಟೊಗೆ ಹೋಗುವ ತೊಕಾಯಿದೊ ಹೆದ್ದಾರಿಯಲ್ಲಿ 53 ನಿಲುಗಡೆಗಳಿದ್ದವು. ಅಲ್ಲಿ ಸಾಮಾನ್ಯರಿಗೆ ಎರಡು ಬಗೆಯ ತಂಗುದಾಣಗಳು. ಒಂದರಲ್ಲಿ ಅಕ್ಕಿಯನ್ನು ನಾವೇ ಹೊತ್ತೊಯ್ದು, ಕಟ್ಟಿಗೆಯ ಖರ್ಚು ಕೊಟ್ಟು ಬೇಯಿಸಿಕೊಳ್ಳಬೇಕು; ನಮ್ಮ ಹಳೆಯ ಛತ್ರಗಳನ್ನು ಕಂಡವರಿಗೆ ಇದು ಹೊಸದೆನಿಸದು. ಇನ್ನೊಂದು ‘ಹತಾಗೊ’. ಅಲ್ಲಿ ಮನೆಯವರೇ ಅಡುಗೆ ಮಾಡಿ ಬಡಿಸುತ್ತಿದ್ದರು.

ಈ ಎರಡನೆಯ ಪದ್ಧತಿ ಇಂದಿಗೂ ಉಳಿದಿದೆ. ರಿಯೋಕಾನ್‌ನ ದರ ಸಾಮಾನ್ಯವಾಗಿ ‘ಇಪ್ಪಾಕು ನಿಶೊಕು’, ಅಂದರೆ ಒಂದು ರಾತ್ರಿ, ಎರಡು ಊಟ. ದರ ಕೋಣೆಗಲ್ಲ, ತಲೆಗೆ. ಹೋಟೆಲಿನ ಲೆಕ್ಕದಲ್ಲೇ ಓದುವವರು ಎಡವುವುದು ಇಲ್ಲಿಯೇ. 20,000 ಯೆನ್ ಎಂದು ಕಂಡರೆ ಅದು ಒಬ್ಬರದ್ದು; ಗಂಡ ಹೆಂಡತಿ ಇಬ್ಬರಿಗೆ 40,000. ರಾತ್ರಿಯೂಟ ಮತ್ತು ಬೆಳಗಿನ ಊಟ ಅದರಲ್ಲೇ ಸೇರಿರುತ್ತವೆ.

ಬಿಸಿನೀರಿನ ಬುಗ್ಗೆಗಳ ಬಳಿಯ ತಂಗುಮನೆಗಳು ಹೆದ್ದಾರಿಯ ತಂಗುದಾಣಗಳಿಗಿಂತಲೂ ಹಳೆಯವು. ಯಮನಾಶಿ ಪ್ರಾಂತ್ಯದ ಬೆಟ್ಟಗಳ ನಡುವಿನ ಕೇಯುನ್‌ಕಾನ್ ಕ್ರಿ.ಶ. 705ರಲ್ಲಿ ಶುರುವಾದದ್ದು. ಜಗತ್ತಿನ ಅತ್ಯಂತ ಹಳೆಯ ಹೋಟೆಲ್ ಎಂದು ಗಿನ್ನೆಸ್ ದಾಖಲೆ ಅದನ್ನು ಗುರುತಿಸಿದೆ. ಕಾಲದ ಅಂದಾಜಿಗೆ ಹೇಳುವುದಾದರೆ, ಆಗ ನಮ್ಮಲ್ಲಿ ಬಾದಾಮಿ ಚಾಲುಕ್ಯರ ವಿಜಯಾದಿತ್ಯ ಆಳುತ್ತಿದ್ದ.

ಕೋಣೆ ಹೇಗಿರುತ್ತದೆ? ನೆಲಕ್ಕೆ ‘ತತಾಮಿ’ ಎಂಬ ದಪ್ಪನೆಯ ಹುಲ್ಲಿನ ಚಾಪೆ, ಕಿಟಕಿಗೆ ಮರದ ಚೌಕಟ್ಟಿನಲ್ಲಿ ಅಂಟಿಸಿದ ತೆಳು ಕಾಗದದ ಜಾರುಬಾಗಿಲು, ನಡುವೆ ಗಿಡ್ಡ ಮೇಜು. ಮಂಚವಿಲ್ಲ. ನೀವು ಊಟಕ್ಕೆ ಹೋದಾಗ ಸಿಬ್ಬಂದಿ ಬಂದು ‘ಫುತೊನ್’ ಹಾಸಿಗೆ ಹಾಸಿರುತ್ತಾರೆ. ಚಾಪೆಯ ಮೇಲೆ ಉಂಡು ಅಲ್ಲೇ ಹಾಸಿಕೊಂಡು ಮಲಗಿ ಬೆಳೆದವರಿಗೆ ಇದು ಪರಕೀಯ ಎನಿಸುವುದಿಲ್ಲ. ಆದರೆ ಮಂಡಿನೋವಿನ ಹಿರಿಯರಿಗೆ ನೆಲದಿಂದ ಏಳುವುದೇ ಕಷ್ಟವಾದೀತು. ಮಂಚವಿರುವ ಕೋಣೆಗಳೂ ಈಗ ಅನೇಕ ಕಡೆ ಸಿಗುತ್ತವೆ, ಮೊದಲೇ ಕೇಳಬೇಕು. ಚಪ್ಪಲಿ ಬಾಗಿಲಲ್ಲೇ ಬಿಡಬೇಕೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಒಳಗೆ ಓಡಾಡಲು ಕೊಡುವ ಚಪ್ಪಲಿಯನ್ನೂ ತತಾಮಿಯ ಮೇಲೆ ಹಾಕುವಂತಿಲ್ಲ. ಶೌಚಾಲಯಕ್ಕೆ ಬೇರೆಯದೇ ಚಪ್ಪಲಿ ಇರುತ್ತದೆ, ಅದನ್ನು ಅಲ್ಲೇ ಬಿಟ್ಟು ಬರಬೇಕು.

ಭೂಮಿಯೊಳಗಿನ ಹಂಡೆ

ಬಿಸಿನೀರಿನ ಬುಗ್ಗೆಗೆ ಜಪಾನೀ ಹೆಸರು ‘ಒನ್ಸೆನ್’. ಜಪಾನಿನಲ್ಲಿ 111 ಸಕ್ರಿಯ ಜ್ವಾಲಾಮುಖಿಗಳಿವೆ. ಅವುಗಳ ಸುತ್ತ ನೆಲದಾಳದಲ್ಲಿ ಕರಗಿದ ಬಂಡೆಯ ಶಾಖವಿದೆ. ಮಳೆಯ ನೀರು, ಕರಗಿದ ಹಿಮದ ನೀರು ನೆಲದೊಳಗೆ ಇಂಗಿ ಆ ಶಾಖಕ್ಕೆ ಕಾಯುತ್ತದೆ, ಬಿರುಕುಗಳ ಮೂಲಕ ಮೇಲೇರುತ್ತದೆ. ಕೆಳಗೆ ಉರಿಯಿಟ್ಟ ಬಚ್ಚಲಿನ ಹಂಡೆಯಂತೆಯೇ. ಹಂಡೆಯ ಜಾಗದಲ್ಲಿ ಬಂಡೆಯಿದೆ, ಅಷ್ಟೇ.

ಮೇಲೇರುವಾಗ ನೀರು ದಾರಿಯ ಬಂಡೆಗಳಿಂದ ಖನಿಜಗಳನ್ನು ಕರಗಿಸಿಕೊಳ್ಳುತ್ತದೆ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವುದನ್ನು ನೆನೆಯಿರಿ. ಹಾಕಿದ ನೀರು ಒಂದೇ ಆದರೂ ಯಾವ ಪುಡಿಯ ಮೂಲಕ ಇಳಿಯಿತು ಎಂಬುದರ ಮೇಲೆ ಬಣ್ಣ, ಕಹಿ, ಪರಿಮಳ ಬದಲಾಗುತ್ತವೆ. ಹಾಗೆಯೇ ಒಂದೂರಿನ ಒನ್ಸೆನ್ ಉಪ್ಪು, ಇನ್ನೊಂದರದ್ದು ಗಂಧಕ, ಮತ್ತೊಂದರದ್ದು ಕಬ್ಬಿಣ. ಗಂಧಕದ ನೀರು ನೆಲದಿಂದ ಬರುವಾಗ ತಿಳಿಯಾಗಿದ್ದು, ಗಾಳಿ ತಾಗಿದ ಮೇಲೆ ಹಾಲಿನಂತೆ ಬೆಳ್ಳಗಾಗುವುದುಂಟು. ಕೋಬೆ ನಗರದ ಅರಿಮಾದಲ್ಲಿ ಕಬ್ಬಿಣ ಮತ್ತು ಉಪ್ಪಿನ ನೀರು ಗಾಳಿಗೆ ತುಕ್ಕುಗೆಂಪಾಗುತ್ತದೆ. ಅಲ್ಲಿಯವರು ಅದನ್ನು ‘ಕಿನ್‌ಸೆನ್’, ಹೊನ್ನಿನ ಬುಗ್ಗೆ ಎನ್ನುತ್ತಾರೆ.

ಜ್ವಾಲಾಮುಖಿ ಇಲ್ಲದ ಕಡೆಯೂ ಬಿಸಿನೀರು ಇರಬಹುದು. ನೆಲದಾಳಕ್ಕೆ ಇಳಿದಂತೆ ಪ್ರತಿ 100 ಮೀಟರಿಗೆ ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಂತೆ ಶಾಖ ಏರುತ್ತದೆ. ದಕ್ಷಿಣ ಕನ್ನಡದ ಪುತ್ತೂರಿನ ಬಳಿ ಇರ್ದೆಯ ಬೆಂದ್ರುತೀರ್ಥ ಬೆಚ್ಚನೆಯ ಬುಗ್ಗೆಯೆಂದು ಹೆಸರಾದದ್ದು; ಅದರ ಹತ್ತಿರ ಯಾವ ಜ್ವಾಲಾಮುಖಿಯೂ ಇಲ್ಲ.

‘ಒನ್ಸೆನ್’ ಎಂದು ಕರೆಯಲು ಕಾನೂನಿದೆ

1948ರ ಒನ್ಸೆನ್ ಕಾನೂನು ಎರಡರಲ್ಲಿ ಒಂದು ಶರತ್ತನ್ನು ಇಡುತ್ತದೆ: ನೆಲದಿಂದ ಹೊರಬರುವ ನೀರು 25 ಡಿಗ್ರಿ ಅಥವಾ ಅದಕ್ಕಿಂತ ಬಿಸಿಯಿರಬೇಕು, ಇಲ್ಲವೇ ಪಟ್ಟಿಮಾಡಿದ 19 ಪದಾರ್ಥಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ಅಂದರೆ ತಣ್ಣನೆಯ ಖನಿಜಯುಕ್ತ ನೀರೂ ಕಾನೂನಿನ ಕಣ್ಣಲ್ಲಿ ಒನ್ಸೆನ್ನೇ. ಅದನ್ನು ಕಾಯಿಸಿ ತೊಟ್ಟಿಗೆ ಬಿಡಬಹುದು.

ಹಾಗಾದರೆ ನಮ್ಮ ತೊಟ್ಟಿಗೆ ಬರುವ ನೀರು ಎಂಥದ್ದೆಂದು ತಿಳಿಯುವುದು ಹೇಗೆ? 2004ರಲ್ಲಿ ನಾಗಾನೊ ಪ್ರಾಂತ್ಯದ ಶಿರಾಹೊನೆ ಎಂಬ ಹೆಸರಾಂತ ಊರಿನಲ್ಲಿ, ನೀರು ಹಾಲಿನ ಬಣ್ಣ ಕಾಣಲೆಂದು ಕೆಲವರು ಸ್ನಾನದ ಪುಡಿ ಬೆರೆಸುತ್ತಿದ್ದುದು ಬಯಲಾಯಿತು. ದೇಶವೇ ನೊಂದುಕೊಂಡ ಪ್ರಕರಣ ಅದು. ಮರುವರ್ಷದಿಂದ ನೀರು ಬೆರೆಸಿದ್ದರೆ, ಕಾಯಿಸಿದ್ದರೆ, ಅದೇ ನೀರನ್ನು ಸೋಸಿ ಮತ್ತೆ ಬಿಡುತ್ತಿದ್ದರೆ, ಸೋಂಕುನಾಶಕ ಹಾಕಿದ್ದರೆ ಅದನ್ನು ಫಲಕದಲ್ಲಿ ಬರೆದು ತೋರಿಸುವುದು ಕಡ್ಡಾಯವಾಯಿತು. ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲಿ ಆ ಫಲಕವನ್ನು ನೋಡಬಹುದು.

ಇಲ್ಲಿ ಒಂದು ಪದವನ್ನು ನೆನಪಿಡಬೇಕು: ‘ಗೆನ್ಸೆನ್ ಕಾಕೆನಾಗಾಶಿ’. ಮಲೆನಾಡಿನ ಮನೆಗಳಲ್ಲಿ ಗುಡ್ಡದಿಂದ ದಂಬೆಯಲ್ಲಿ ಹರಿದು ಬರುವ ಅಬ್ಬಿ ನೀರು ಹಗಲೂ ರಾತ್ರಿ ತೊಟ್ಟಿಗೆ ಬೀಳುತ್ತಿರುತ್ತದೆ, ತುಂಬಿದ್ದು ಅಂಚಿನಿಂದ ಹೊರಚೆಲ್ಲಿ ತೋಟಕ್ಕೆ ಹೋಗುತ್ತದೆ. ಕಾಕೆನಾಗಾಶಿಯೂ ಹಾಗೆಯೇ: ಬುಗ್ಗೆಯ ನೀರು ಸದಾ ಬರುತ್ತಿರುತ್ತದೆ, ತುಂಬಿ ಹರಿದದ್ದು ಹಿಂದಿರುಗುವುದಿಲ್ಲ. ಸೋಸಿ ಮತ್ತೆ ಬಳಸುವ ನೀರು ಕೊಳಕೆಂದಲ್ಲ. ಬುಗ್ಗೆಯ ನೀರು ಕಡಿಮೆಯಿರುವ ಊರಿನಲ್ಲಿ ಅದೇ ಸರಿಯಾದ ದಾರಿ. ಆದರೂ ಒಮ್ಮೆ ಮಾತ್ರ ಹೋಗಲು ಸಾಧ್ಯವಿರುವವರು ಕಾಕೆನಾಗಾಶಿಯನ್ನೇ ಹುಡುಕಲಿ ಎನ್ನುತ್ತೇನೆ. ವಾಸನೆ, ನುಣುಪು, ಬಣ್ಣ ಉಳಿದಿರುವುದು ಅದರಲ್ಲಿ.

ಮೂರು ಬಗೆಯ ‘ಖಾಸಗಿ’

ಮೊದಲನೆಯದು ‘ಕ್ಯಾಕುಶಿತ್ಸು ರೊತೆನ್‌ಬುರೊ’. ನಿಮ್ಮ ಕೋಣೆಗೇ ಸೇರಿದ ಜಗಲಿಯಲ್ಲೋ ಪುಟ್ಟ ಅಂಗಳದಲ್ಲೋ ಆಕಾಶಕ್ಕೆ ತೆರೆದ ತೊಟ್ಟಿ. ಮರದ್ದು, ಕಲ್ಲಿನದ್ದು ಅಥವಾ ಸುಟ್ಟ ಮಣ್ಣಿನದ್ದು. ಅತ್ತಿತ್ತ ಬೇಲಿ ಅಥವಾ ಗೋಡೆ, ಎದುರಿಗೆ ಕಾಡೋ ಕಣಿವೆಯೋ. ನಡುರಾತ್ರಿ ಎಚ್ಚರವಾದರೆ ಎದ್ದು ಹೋಗಿ ಕೂರಬಹುದು. ಚಳಿಗಾಲದಲ್ಲಿ ತಲೆಯ ಮೇಲೆ ಹಿಮ ಬೀಳುತ್ತಿರುವಾಗ ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕುಳಿತಿರುವ ಚಿತ್ರಗಳನ್ನು ನೀವು ನೋಡಿದ್ದರೆ, ಅವುಗಳಲ್ಲಿ ಕೆಲವು ಇಂಥ ತೊಟ್ಟಿಗಳವೇ. ದರವೂ ಹಾಗೆಯೇ ಏರುತ್ತದೆ: ಸಾಧಾರಣ ರಿಯೋಕಾನ್ ಊಟ ಸೇರಿ ತಲೆಗೆ 15,000ದಿಂದ 25,000 ಯೆನ್ ಇರುವ ಊರಿನಲ್ಲಿ ಇಂಥ ಕೋಣೆಗೆ 30,000ದಿಂದ ಮೇಲಕ್ಕೆ ಎಂದು ಅಂದಾಜಿಡಬಹುದು.

ಎರಡನೆಯದು ‘ಕಾಶಿಕಿರಿ-ಬುರೊ’, ಹೊತ್ತು ಗೊತ್ತುಮಾಡಿಕೊಂಡು ಬಳಸುವ ಸ್ನಾನದ ಮನೆ. ತೊಟ್ಟಿ ಕೋಣೆಯಲ್ಲಿರುವುದಿಲ್ಲ, ತಂಗುಮನೆಯ ಬೇರೊಂದು ಮೂಲೆಯಲ್ಲಿರುತ್ತದೆ. ನಿಮ್ಮ ಹೊತ್ತಿನಲ್ಲಿ, ಸಾಮಾನ್ಯವಾಗಿ 45 ಅಥವಾ 50 ನಿಮಿಷ, ಅದು ನಿಮ್ಮದೇ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದು. ಕೆಲವು ಕಡೆ ಇದಕ್ಕೆ ಕೆಲವು ಸಾವಿರ ಯೆನ್ ಶುಲ್ಕ, ಕೆಲವು ಕಡೆ ಉಚಿತ. ಇನ್ನು ಕೆಲವು ಕಡೆ ಗೊತ್ತುಪಡಿಸುವುದೇ ಇಲ್ಲ, ಬಾಗಿಲಲ್ಲಿ ‘ಖಾಲಿ’ ಎಂಬ ಹಲಗೆ ಕಂಡರೆ ತಿರುವಿ ಹಾಕಿ ಒಳಹೋದರಾಯಿತು. ಖರ್ಚು ಮಿತಿಯಲ್ಲಿರಬೇಕು, ಸಂಕೋಚವೂ ಉಳಿಯಬಾರದು ಎನ್ನುವ ಕುಟುಂಬಕ್ಕೆ ನನ್ನ ಮಟ್ಟಿಗೆ ಇದೇ ಒಳ್ಳೆಯ ಆಯ್ಕೆ. ‘ಕಾಜೊಕು-ಬುರೊ’, ಕುಟುಂಬ ಸ್ನಾನ, ಎಂದು ಬರೆದಿರುವುದೂ ಹೆಚ್ಚಾಗಿ ಇದೇ.

ಮೂರನೆಯದು ಹೆಸರಿನಿಂದ ಮಾತ್ರ ಖಾಸಗಿ. ಕೋಣೆಗೆ ಸೇರಿದ ಸಾಮಾನ್ಯ ಬಚ್ಚಲುಮನೆ, ಅದರಲ್ಲೊಂದು ಪ್ಲಾಸ್ಟಿಕ್ ತೊಟ್ಟಿ, ನಲ್ಲಿಯಲ್ಲಿ ಊರಿನ ನೀರು. ಇಂಗ್ಲಿಷ್ ಪುಟದಲ್ಲಿ ಇದನ್ನೂ ‘ಪ್ರೈವೇಟ್ ಬಾತ್’ ಎಂದೇ ಬರೆದಿರುತ್ತಾರೆ. ಮೋಸವೇನಲ್ಲ, ಹಳೆಯ ರಿಯೋಕಾನ್‌ಗಳಲ್ಲಿ ಕೋಣೆಗೆ ಬಚ್ಚಲೇ ಇರದ ಕಾರಣ, ಇದೆ ಎಂದು ತಿಳಿಸುವುದು ಅವರಿಗೆ ಅಗತ್ಯ. ಆದರೆ ನೀವು ಹುಡುಕುತ್ತಿರುವುದು ಅದಲ್ಲ.

ಇವು ಮೂರೂ ಅಲ್ಲದ ನಾಲ್ಕನೆಯದು ‘ದಾಯ್‌ಯೊಕುಜೊ’, ಎಲ್ಲರೂ ಮೀಯುವ ದೊಡ್ಡ ಸ್ನಾನದ ಮನೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ. ಹಾಗಾಗಿ ಗಂಡ ಹೆಂಡತಿ ಒಟ್ಟಿಗೆ ಹೋಗುವಂತಿಲ್ಲ. ತಾಯಿಯ ಜೊತೆ ಗಂಡುಮಗು ಹೋಗಬಹುದಾದ ವಯಸ್ಸನ್ನೂ ಸರಕಾರದ ಮಾರ್ಗಸೂಚಿ 2020ರಲ್ಲಿ ಇಳಿಸಿದೆ. 7 ವರ್ಷ ತುಂಬಿದವರು ಬೇರೆಯಾಗಬೇಕು. ಬಾಗಿಲಿನ ಪರದೆಯ ಬಣ್ಣ ಹೆಚ್ಚಾಗಿ ನೀಲಿ ಗಂಡಸರಿಗೆ, ಕೆಂಪು ಹೆಂಗಸರಿಗೆ. ಎರಡೂ ಕಡೆಯ ನೋಟ ಎಲ್ಲರಿಗೂ ಸಿಗಲೆಂದು ರಾತ್ರಿ ಬೆಳಗಾಗುವುದರೊಳಗೆ ಅದಲುಬದಲು ಮಾಡುವ ಮನೆಗಳಿವೆ. ನಿನ್ನೆ ಹೋದ ಬಾಗಿಲೇ ಇಂದೂ ನಿಮ್ಮದೆಂದು ನಂಬಬಾರದು.

ಮೊದಲು ತೊಳೆದುಕೊಳ್ಳುವುದು, ಆಮೇಲೆ ನೀರಿಗಿಳಿಯುವುದು

ನಮ್ಮ ಬಚ್ಚಲಿನಲ್ಲಿ ಮೈಮೇಲೆ ಹುಯ್ದುಕೊಂಡ ನೀರು ಹರಿದುಹೋಗುತ್ತದೆ. ಜಪಾನಿನ ತೊಟ್ಟಿಯ ನೀರು ಹಾಗಲ್ಲ, ನಿಮ್ಮ ನಂತರ ಇನ್ನೊಬ್ಬರು ಅದಕ್ಕಿಳಿಯುತ್ತಾರೆ. ಅಲ್ಲಿಯ ಮನೆಗಳಲ್ಲೂ ಒಂದು ತೊಟ್ಟಿ ತುಂಬಿಸಿ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಇಳಿಯುವುದು ರೂಢಿ. ಆದ್ದರಿಂದ ಕೊಳೆ ತೆಗೆಯುವ ಕೆಲಸ ತೊಟ್ಟಿಯ ಹೊರಗೇ ಮುಗಿಯಬೇಕು. ತೊಟ್ಟಿಯಿರುವುದು ಮೈ ಕಾಯಿಸಿಕೊಳ್ಳಲು.

ಪಕ್ಕದಲ್ಲೇ ಗಿಡ್ಡ ಮಣೆ, ನಲ್ಲಿ, ಸೋಪು, ಶಾಂಪೂ ಇರುತ್ತವೆ. ಕುಳಿತು ಮೈ ತಿಕ್ಕಿ ತೊಳೆದು, ನೊರೆಯೆಲ್ಲ ಹೋದ ಮೇಲೆ ಒಂದೆರಡು ಚೊಂಬು ತೊಟ್ಟಿಯ ನೀರನ್ನು ಕಾಲಿನಿಂದ ಮೇಲಕ್ಕೆ ಹುಯ್ದುಕೊಂಡು ಶಾಖಕ್ಕೆ ಹೊಂದಿಕೊಳ್ಳಿ. ಇದಕ್ಕೆ ‘ಕಾಕೆಯು’ ಎನ್ನುತ್ತಾರೆ. ಉದ್ದ ಕೂದಲಿದ್ದರೆ ಮೇಲಕ್ಕೆ ಕಟ್ಟಿ. ಸಣ್ಣ ಟವೆಲ್ ನೀರಿಗೆ ತಾಗಬಾರದು. ಎಣ್ಣೆಸ್ನಾನ ಮಾಡುವ ಆಸೆ ಬೇಡ, ಮೈಯಲ್ಲಿ ಎಣ್ಣೆಯಿದ್ದರೆ ತೊಟ್ಟಿಯೇ ಹಾಳು.

ಬಾಗಿಲು ಹಾಕಿಕೊಂಡ ಖಾಸಗಿ ತೊಟ್ಟಿಗೂ ಇದೇ ನಿಯಮ. ಇನ್ನೂ ಒಂದು ಮುಖ್ಯ: ಮಿಂದು ಮೇಲೇಳುವಾಗ ತೊಟ್ಟಿಯ ಬಿರಡೆ ಎಳೆಯಬೇಡಿ. ಬಳಸಿದ ನೀರನ್ನು ಬಿಟ್ಟು ಹೋಗುವುದು ನಮಗೆ ಶುಚಿಯ ಲಕ್ಷಣ, ಅಲ್ಲಿ ಅದು ಮುಂದಿನವರ ಹೊತ್ತನ್ನು ಕಸಿದಂತೆ. ತೊಟ್ಟಿ ಮತ್ತೆ ತುಂಬಲು ಬಹಳ ಹೊತ್ತು ಹಿಡಿಯುತ್ತದೆ. ಮುಚ್ಚಳ ಇದ್ದರೆ ನೀರು ಆರದಂತೆ ಮುಚ್ಚಿ ಬನ್ನಿ. ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿಯಲ್ಲಿರುತ್ತದೆ. ತಾಳಲಾಗದಷ್ಟು ಬಿಸಿಯೆನಿಸಿದರೆ ಖಾಸಗಿ ತೊಟ್ಟಿಯಲ್ಲಿ ತಣ್ಣೀರಿನ ನಲ್ಲಿ ತೆರೆಯುವ ಸ್ವಾತಂತ್ರ್ಯ ನಿಮಗಿದೆ.

ಮಧ್ಯಾಹ್ನ 3ರಿಂದ ಬೆಳಿಗ್ಗೆ 10ರವರೆಗೆ

ಒಳಗೆ ಬಿಡುವುದು ಹೆಚ್ಚಾಗಿ ಮಧ್ಯಾಹ್ನ 3ಕ್ಕೆ, ಹೊರಡಬೇಕಾದದ್ದು ಬೆಳಿಗ್ಗೆ 10ಕ್ಕೆ. ಊರೆಲ್ಲ ಸುತ್ತಿ ರಾತ್ರಿ 9ಕ್ಕೆ ಬಂದು ಮಲಗುವವರಿಗೆ ಈ ಖರ್ಚು ವ್ಯರ್ಥ. ಬಂದ ಕೂಡಲೇ ಚಹಾ, ಒಂದು ಸಿಹಿ. ಆಮೇಲೆ ‘ಯುಕಾತಾ’ ಎಂಬ ಹತ್ತಿಯ ನಿಲುವಂಗಿ. ಅದನ್ನು ಉಡುವಾಗ ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆಯದು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ. ಊಟಕ್ಕೆ ಮುನ್ನ ಒಂದು ಸ್ನಾನ, ಮಲಗುವ ಮುನ್ನ ಒಂದು, ಬೆಳಿಗ್ಗೆ ಎದ್ದು ಮತ್ತೊಂದು.

ರಾತ್ರಿಯೂಟ ಸಂಜೆ 6ರ ಸುಮಾರಿಗೆ. ಅದಕ್ಕೆ ‘ಕೈಸೆಕಿ’ ಎನ್ನುತ್ತಾರೆ: ಋತುವಿಗೆ ತಕ್ಕ ಚಿಕ್ಕ ಚಿಕ್ಕ ಭಕ್ಷ್ಯಗಳು ಒಂದಾದ ಮೇಲೊಂದು ಬರುತ್ತವೆ. ಸಸ್ಯಾಹಾರಿಗಳು ಇಲ್ಲಿ ಎಚ್ಚರ ವಹಿಸಬೇಕು. ತರಕಾರಿಯೇ ಇದ್ದರೂ ಬೇಯಿಸುವ ಸಾರು, ‘ದಾಶಿ’, ಸಾಮಾನ್ಯವಾಗಿ ಒಣಗಿಸಿದ ಮೀನಿನದ್ದು. ಬರೀ ‘ಮಾಂಸ ಬೇಡ’ ಎಂದರೆ ಮೀನು ಬರುತ್ತದೆ, ‘ಮೀನೂ ಬೇಡ’ ಎಂದರೂ ದಾಶಿ ಉಳಿಯುತ್ತದೆ. ಮಾಂಸ, ಮೀನು, ಮೀನಿನ ದಾಶಿ ಮೂರೂ ಬೇಡ, ಕೊಂಬು ಎಂಬ ಕಡಲಪಾಚಿಯ ಅಥವಾ ಅಣಬೆಯ ದಾಶಿ ಆಗಬಹುದು ಎಂದು ಕಾಯ್ದಿರಿಸುವಾಗಲೇ ಬರೆಯಬೇಕು. ಅಡುಗೆಯ ಸಾಮಾನು ಮುಂಚೆಯೇ ತರಿಸಿಟ್ಟಿರುತ್ತಾರೆ, ಅಂದು ಹೇಳಿದರೆ ಅವರಿಗೂ ದಾರಿಯಿಲ್ಲ. ಆಗದು ಎಂದವರಲ್ಲಿ ‘ಸುದೊಮಾರಿ’, ಊಟವಿಲ್ಲದ ದರ, ಕೇಳಿ ನೋಡಬಹುದು. ಕೋಯಾ ಬೆಟ್ಟದ ಬೌದ್ಧ ದೇವಾಲಯಗಳ ತಂಗುಮನೆಗಳು ಬೇರೆಯದೇ ಲೋಕ. ಅಲ್ಲಿಯ ‘ಶೋಜಿನ್’ ಅಡುಗೆಯಲ್ಲಿ ಮಾಂಸ ಮೀನು ಇಲ್ಲ. ಸಂಪ್ರದಾಯದ ಪ್ರಕಾರ ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ.

ಹಚ್ಚೆ, ಬೆಳ್ಳಿ, ರಕ್ತದೊತ್ತಡ

ದೊಡ್ಡ ಸ್ನಾನದ ಮನೆಗಳಲ್ಲಿ ಹಚ್ಚೆಯಿದ್ದವರಿಗೆ ಪ್ರವೇಶವಿಲ್ಲ ಎಂಬ ಫಲಕ ಇಂದಿಗೂ ಸಾಮಾನ್ಯ. ಮೈತುಂಬ ಹಚ್ಚೆ ಅಲ್ಲಿ ‘ಯಾಕುಜಾ’ ಪಾತಕಿ ಗುಂಪುಗಳ ಗುರುತಾಗಿತ್ತು. 2013ರಲ್ಲಿ ಹೊಕ್ಕಾಯಿದೊದಲ್ಲಿ ನ್ಯೂಜಿಲೆಂಡಿನ ಮಾವೊರಿ ಮಹಿಳೆಯೊಬ್ಬರನ್ನು, ಅವರ ಕುಲದ ಸಂಪ್ರದಾಯದ ಹಚ್ಚೆ ಮುಖದ ಮೇಲಿದ್ದುದಕ್ಕೆ, ಒಳಗೆ ಬಿಡಲಿಲ್ಲ. ಅದು ದೊಡ್ಡ ಚರ್ಚೆಯಾಯಿತು. ಮುಂಗೈ ಮೇಲೆ ಹಚ್ಚೆ ಹೊಯ್ಯಿಸಿಕೊಂಡ ನಮ್ಮ ಅಜ್ಜಿಯರನ್ನು ನೆನೆದರೆ ಆ ನೋವು ಅರ್ಥವಾಗುತ್ತದೆ. ಖಾಸಗಿ ತೊಟ್ಟಿಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದೆ. ಕಾಲುಂಗುರ, ಗೆಜ್ಜೆ, ಉಡುದಾರ ತೆಗೆದಿಟ್ಟು ಇಳಿಯಿರಿ.

ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ, ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಮೊದಲ ಸಲ ಹತ್ತು ನಿಮಿಷ ಸಾಕು. ಮುಂಚೆಯೂ ಆಮೇಲೂ ನೀರು ಕುಡಿಯಿರಿ, ಮದ್ಯ ಕುಡಿದು ಇಳಿಯಲೇಬೇಡಿ. ಹೃದಯದ ತೊಂದರೆ ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಹೊರಡುವ ಮುನ್ನವೇ ತಮ್ಮ ವೈದ್ಯರನ್ನು ಕೇಳಬೇಕು. ಗರ್ಭಿಣಿಯರು ಮೀಯಬಾರದೆಂಬ ಹಳೆಯ ಎಚ್ಚರಿಕೆಯನ್ನು ಜಪಾನಿನ ಪರಿಸರ ಸಚಿವಾಲಯ 2014ರಲ್ಲಿ ಕೈಬಿಟ್ಟಿತು. ಆದರೂ ವೈದ್ಯರ ಮಾತು ಮುಖ್ಯ. ವಯಸ್ಸಾದವರನ್ನು ಖಾಸಗಿ ಸ್ನಾನದ ಮನೆಗೆ ಒಬ್ಬರನ್ನೇ ಕಳುಹಿಸಬೇಡಿ. ದೊಡ್ಡ ಸ್ನಾನದ ಮನೆಯಲ್ಲಿ ತಲೆತಿರುಗಿ ಬಿದ್ದರೆ ನೋಡುವವರಿರುತ್ತಾರೆ, ಚಿಲಕ ಹಾಕಿದ ಬಾಗಿಲ ಹಿಂದೆ ಯಾರಿರುತ್ತಾರೆ?

ಯಾವ ಊರು?

ಹಾಕೊನೆ ಟೋಕಿಯೊದ ಶಿಂಜುಕುವಿನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಖಾಸಗಿ ತೊಟ್ಟಿಯ ಕೋಣೆಗಳು ಅಲ್ಲಿ ಧಾರಾಳ. ಗುನ್ಮಾ ಪ್ರಾಂತ್ಯದ ಕುಸಾತ್ಸುವಿನಲ್ಲಿ ನಿಮಿಷಕ್ಕೆ 32,000 ಲೀಟರಿಗೂ ಹೆಚ್ಚು ನೀರು ತಾನಾಗಿ ಉಕ್ಕುತ್ತದೆ. ಹುಳಿಯಲ್ಲಿ ಅದು ನಿಂಬೆರಸಕ್ಕೆ ಹತ್ತಿರ, ಕಣ್ಣಿಗೆ ತಾಗಿದರೆ ಉರಿಯುತ್ತದೆ. ತಣ್ಣೀರು ಬೆರೆಸಿದರೆ ಗುಣ ಕೆಡುತ್ತದೆಂದು ಅಲ್ಲಿಯವರು ಉದ್ದನೆಯ ಹಲಗೆಗಳಿಂದ ಕಲಕಿ ಕಲಕಿ ಆರಿಸುವ ಪದ್ಧತಿ ಬೆಳೆಸಿದ್ದಾರೆ. ಅದರ ಹೆಸರು ‘ಯುಮೊಮಿ’, ಹಾಡಿಕೊಂಡೇ ಮಾಡುತ್ತಾರೆ.

ಕ್ಯೋಟೊದಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ಕಿನೊಸಾಕಿಯಲ್ಲಿ ಊರೇ ಒಂದು ರಿಯೋಕಾನ್. ಜನ ಯುಕಾತಾ ಉಟ್ಟು, ಮರದ ಚಪ್ಪಲಿ ಸದ್ದು ಮಾಡುತ್ತ ಸಾರ್ವಜನಿಕ ಸ್ನಾನದ ಮನೆಗಳನ್ನು ಸುತ್ತುತ್ತಾರೆ, ಹಚ್ಚೆಗೂ ಅಲ್ಲಿ ಅಡ್ಡಿಯಿಲ್ಲ. ಕ್ಯೂಶು ದ್ವೀಪದ ಬೆಪ್ಪುವಿನಲ್ಲಿ 2,000ಕ್ಕೂ ಹೆಚ್ಚು ಬುಗ್ಗೆಗಳಿವೆ. ಅದೇ ದ್ವೀಪದ ಕುರೊಕಾವಾ ಕಣಿವೆಯೊಳಗಿನ ಪುಟ್ಟ ಊರು. 1986ರಿಂದ ಅಲ್ಲಿ ಒಂದು ಮರದ ಬಿಲ್ಲೆ ಕೊಂಡರೆ ಬೇರೆ ಬೇರೆ ತಂಗುಮನೆಗಳ ಮೂರು ತೊಟ್ಟಿಗಳಲ್ಲಿ ಮೀಯಬಹುದು.

ಕಾಯ್ದಿರಿಸುವಾಗ ಬರೆಯಬೇಕಾದದ್ದು

ಹಣ ಕಟ್ಟುವ ಮುನ್ನ ತಂಗುಮನೆಗೆ ಒಂದು ಇಮೇಲ್ ಕಳುಹಿಸಿ. ತೊಟ್ಟಿ ಕೋಣೆಯಲ್ಲಿದೆಯೇ, ಹೊತ್ತು ಗೊತ್ತುಮಾಡಿ ಬಳಸುವುದೇ? ಅದಕ್ಕೆ ಬರುವುದು ಒನ್ಸೆನ್ ನೀರೇ, ನಲ್ಲಿಯ ನೀರೇ? ಈ ಎರಡು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಬಂದರೆ ಮುಕ್ಕಾಲು ಗೊಂದಲ ಮುಗಿಯಿತು. ಹೊತ್ತು ಗೊತ್ತುಮಾಡುವುದಾದರೆ ಈಗಲೇ ಮಾಡಬೇಕೋ, ಬಂದ ಮೇಲೋ ಎಂದು ಕೇಳಿ. ಸಂಜೆಯ ಹೊತ್ತು ಬೇಗ ತುಂಬುತ್ತದೆ. ಊಟದ ವಿಷಯ, ಮಂಚ ಬೇಕಾದರೆ ಆ ಮಾತು, ತಲುಪುವ ಸಮಯ ಇವನ್ನೂ ಅದರಲ್ಲೇ ಸೇರಿಸಿ. ಪಾಸ್‌ಪೋರ್ಟಿನ ಪ್ರತಿ ತೆಗೆದುಕೊಳ್ಳುವುದು ವಿದೇಶೀಯರ ವಿಷಯದಲ್ಲಿ ಅಲ್ಲಿಯ ನಿಯಮ. ಹೊರಡುವಾಗ ಲೆಕ್ಕದಲ್ಲಿ ‘ಸ್ನಾನದ ತೆರಿಗೆ’ ಎಂದು ತಲೆಗೆ ಸಾಮಾನ್ಯವಾಗಿ 150 ಯೆನ್ ಬೇರೆ ಸೇರಿರುತ್ತದೆ. ಟಿಪ್ಸ್ ಕೊಡುವ ಪದ್ಧತಿಯಿಲ್ಲ.